ಮುನ್ನೂರು ಮೀಟರಿನಿಂದ ಹತ್ತು ಮೀಟರಿಗೆ: ಗುರಿಕಾರರು ಗೆದ್ದ ಪದಕಗಳು

ಅಂತರರಾಷ್ಟ್ರೀಯ ಶೂಟಿಂಗ್ ಸ್ಪರ್ಧೆಗಳ ಪದಕಪಟ್ಟಿ 1896ರಿಂದ ಶುರುವಾಗುತ್ತದೆ. ಆ ವರ್ಷ ಅಥೆನ್ಸ್‌ನಲ್ಲಿ ನಡೆದ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿ ರೈಫಲ್ ಮತ್ತು ಪಿಸ್ತೂಲಿನ ಐದು ಸ್ಪರ್ಧೆಗಳಿದ್ದವು. ಮರುವರ್ಷ ಫ್ರಾನ್ಸ್‌ನ ಲಿಯೋನ್ ಪಟ್ಟಣದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1907ರಲ್ಲಿ ಕೆಲವು ದೇಶಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡವು. ಅದೇ ಇಂದಿನ ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ. ಅಂದಿನಿಂದ ಇಂದಿನವರೆಗಿನ ಪಟ್ಟಿಯನ್ನು ಕ್ರಮವಾಗಿ ಓದುತ್ತ ಹೋದರೆ ಗೆದ್ದವರ ಹೆಸರುಗಳ ಜೊತೆಗೆ ಗೆದ್ದವರ ಬದುಕೂ ಬದಲಾಗುತ್ತ ಬಂದದ್ದು ಕಾಣುತ್ತದೆ. ಮೊದಲಿಗೆ ಸೇನಾಧಿಕಾರಿಗಳು, ಶಿಕಾರಿಯ ಶ್ರೀಮಂತರು, ಮಹಾರಾಜರು. ಆಮೇಲೆ ಗುಮಾಸ್ತರು, ಗೃಹಿಣಿಯರು, ಶಾಲೆಯ ಮಕ್ಕಳು, ರೈಲಿನ ಟಿಕೆಟ್ ಪರೀಕ್ಷಕರು, ಗಾಲಿಕುರ್ಚಿಯಲ್ಲಿ ಕೂತವರು. ಈ ಬದಲಾವಣೆಗೆ ದೊಡ್ಡ ಕಾರಣ ಗುರಿಯ ದೂರ. ಮುನ್ನೂರು ಮೀಟರ್ ಬಯಲು ಬೇಕಾಗಿದ್ದ ಆಟ ಹತ್ತು ಮೀಟರ್ ಉದ್ದದ ಕೋಣೆಯೊಳಗೆ ಬಂದಾಗ ಪದಕದ ದಾರಿ ಸಾಮಾನ್ಯರ ಮನೆಯ ತನಕ ಬಂತು.

ಮುನ್ನೂರು ಮೀಟರ್ ಎಂದರೆ ಎಷ್ಟು ಎಂಬುದನ್ನು ಬೆಳಗಾವಿಯವರಿಗೆ ವಿವರಿಸಿ ಹೇಳಬೇಕಿಲ್ಲ. ಮರಾಠಾ ಲೈಟ್ ಇನ್‌ಫಂಟ್ರಿಯ ರೆಜಿಮೆಂಟ್ ಕೇಂದ್ರ ಇರುವ ಊರು ಇದು. ಸೈನಿಕರ ಫೈರಿಂಗ್ ರೇಂಜಿಗೆ ದೊಡ್ಡ ಬಯಲು ಬೇಕು, ಗುಂಡು ತಡೆಯಲು ಹಿಂದೆ ಮಣ್ಣಿನ ದಿಬ್ಬ ಬೇಕು, ಜನ ಸುಳಿಯದಂತೆ ಕಾವಲು ಬೇಕು. ಹಳೆಯ ಸ್ಪರ್ಧೆಗಳೆಲ್ಲ ಹುಟ್ಟಿದ್ದು ಇಂಥ ರೇಂಜುಗಳಲ್ಲೇ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ದೇಶಗಳು ತಮ್ಮ ಪ್ರಜೆಗಳಿಗೆ ಬಂದೂಕು ಕಲಿಸಲು ಸಂಘಗಳನ್ನು ಕಟ್ಟಿದವು, ಆ ಸಂಘಗಳ ನಡುವಿನ ಪೈಪೋಟಿಯೇ ಮುಂದೆ ಕ್ರೀಡೆಯಾಯಿತು. ಹಾಗಾಗಿ ಮೊದಲ ಪದಕಗಳು ಸೈನಿಕರ ಎದೆಗೇರಿದ್ದರಲ್ಲಿ ಆಶ್ಚರ್ಯವಿಲ್ಲ. ಗುರಿಕಾರನ ನೆನಪನ್ನು ಜನ ಕಾಪಾಡಿಕೊಳ್ಳುವ ಬಗೆಯೂ ಬೆಳಗಾವಿ ಸೀಮೆಗೆ ಹೊಸದಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಹೊಡೆದುರುಳಿಸಿದ ಅಮಟೂರು ಬಾಳಪ್ಪನ ಹೆಸರು ಎರಡು ಶತಮಾನ ಕಳೆದರೂ ಇಲ್ಲಿ ಮನೆಮಾತಾಗಿದೆ.

ಅಥೆನ್ಸ್‌ನ ಪಿಸ್ತೂಲು ಸ್ಪರ್ಧೆಗಳಲ್ಲಿ ಅಮೆರಿಕದ ಬಾಸ್ಟನ್ ನಗರದ ಇಬ್ಬರು ಅಣ್ಣತಮ್ಮಂದಿರು ಗೆದ್ದರು. ಮಿಲಿಟರಿ ಪಿಸ್ತೂಲಿನಲ್ಲಿ ಜಾನ್ ಪೇನ್ ಮೊದಲ ಸ್ಥಾನ, ಸಮ್ನರ್ ಪೇನ್ ಎರಡನೆಯ ಸ್ಥಾನ ಪಡೆದರು. ಎಲ್ಲವನ್ನೂ ತಾವಿಬ್ಬರೇ ಬಾಚಿಕೊಂಡರೆ ಆತಿಥೇಯರಾದ ಗ್ರೀಕರಿಗೆ ಬೇಸರವಾದೀತೆಂದು ಜಾನ್ ಮುಂದಿನ ಸ್ಪರ್ಧೆಯಿಂದ ಹಿಂದೆ ಸರಿದರು. ಅದನ್ನು ಸಮ್ನರ್ ಗೆದ್ದರು. ಆ ಕಾಲದ ಸಭ್ಯತೆಗೆ ಇದು ಒಂದು ಸಾಕ್ಷಿ. ಅದೇ ಕಾಲದ ಕ್ರೌರ್ಯಕ್ಕೆ ಸಾಕ್ಷಿ 1900ರ ಪ್ಯಾರಿಸ್. ಅಲ್ಲಿ ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆಯುವ ಸ್ಪರ್ಧೆ ನಡೆಯಿತು, ಬೆಲ್ಜಿಯಂನ ಲಿಯೋನ್ ಡಿ ಲುಂಡೆನ್ 21 ಹಕ್ಕಿಗಳನ್ನು ಕೊಂದು ಗೆದ್ದರು. ಮುಂದೆ ಒಲಿಂಪಿಕ್ಸ್‌ನಲ್ಲಿ ಹಕ್ಕಿಯ ಬದಲು ಯಂತ್ರದಿಂದ ಚಿಮ್ಮುವ ಜೇಡಿಬಿಲ್ಲೆಯೇ ಗುರಿಯಾಯಿತು. ಟ್ರ್ಯಾಪ್ ಮತ್ತು ಸ್ಕೀಟ್ ಎಂಬ ಇಂದಿನ ಸ್ಪರ್ಧೆಗಳು ಬಿಲ್ಲೆಯ ಮೇಲೆಯೇ ನಡೆಯುತ್ತವೆ.

ಮೊದಲ ಮಹಾಯುದ್ಧದ ಆಚೀಚಿನ ವರ್ಷಗಳು ಸೈನಿಕರ ಕಾಲ. ಅಮೆರಿಕದ ನೌಕಾಪಡೆಯ ಅಧಿಕಾರಿ ಕಾರ್ಲ್ ಓಸ್ಬರ್ನ್ 1912, 1920 ಮತ್ತು 1924ರ ಮೂರು ಒಲಿಂಪಿಕ್ಸ್‌ಗಳಲ್ಲಿ ಐದು ಚಿನ್ನ, ನಾಲ್ಕು ಬೆಳ್ಳಿ, ಎರಡು ಕಂಚು, ಒಟ್ಟು 11 ಪದಕ ಗೆದ್ದರು. ಶೂಟಿಂಗ್‌ನಲ್ಲಿ ಇಷ್ಟು ಒಲಿಂಪಿಕ್ ಪದಕ ಇನ್ನೊಬ್ಬರಿಗೆ ದಕ್ಕಿಲ್ಲ. 1920ರ ಆಂಟ್ವರ್ಪ್ ಒಂದರಲ್ಲೇ ಅದೇ ನೌಕಾಪಡೆಯ ವಿಲಿಸ್ ಲೀ ಏಳು ಪದಕ ಪಡೆದರು. ಇವರು ಎರಡನೆಯ ಮಹಾಯುದ್ಧದಲ್ಲಿ ಅಡ್ಮಿರಲ್ ಆಗಿ ಪೆಸಿಫಿಕ್ ಸಾಗರದಲ್ಲಿ ಹಡಗುಪಡೆಯನ್ನು ನಡೆಸಿದರು. ಸೈನಿಕರ ನಡುವೆ ಎದ್ದು ಕಾಣುವ ಹಿರಿಯರು ಸ್ವೀಡನ್‌ನ ಆಸ್ಕರ್ ಸ್ವಾನ್. ಹಳಿಯ ಮೇಲೆ ಓಡುವ ಜಿಂಕೆಯ ಚಿತ್ರಕ್ಕೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಅವರು 1908ರಲ್ಲಿ ಚಿನ್ನ ಗೆದ್ದಾಗ ವಯಸ್ಸು 60. 1912ರಲ್ಲಿ 64ರ ವಯಸ್ಸಿನಲ್ಲಿ ತಂಡದ ಚಿನ್ನ, 1920ರಲ್ಲಿ 72ರ ವಯಸ್ಸಿನಲ್ಲಿ ತಂಡದ ಬೆಳ್ಳಿ. ಶೂಟಿಂಗ್‌ನಲ್ಲಿ ಅಷ್ಟು ವಯಸ್ಸಿನ ಪದಕವಿಜೇತರು ಆಮೇಲೆ ಬರಲಿಲ್ಲ.

ಹಂಗೇರಿಯ ಕರೋಯ್ ಟಕಾಚ್ ಬದುಕು ಈ ಪಟ್ಟಿಯಲ್ಲೇ ಬೇರೆ ತೂಕದ್ದು. ಸೇನೆಯಲ್ಲಿ ಸಾರ್ಜೆಂಟ್ ಆಗಿದ್ದ ಅವರನ್ನು 1936ರ ತಂಡಕ್ಕೆ ಸೇರಿಸಲಿಲ್ಲ. ಅಧಿಕಾರಿಗಳಿಗಷ್ಟೇ ಅವಕಾಶ ಎಂಬ ನಿಯಮ ಅಡ್ಡ ಬಂತು. 1938ರಲ್ಲಿ ತರಬೇತಿಯ ವೇಳೆ ಕೈಬಾಂಬು ಸಿಡಿದು ಬಲಗೈ ಛಿದ್ರವಾಯಿತು. ಪಿಸ್ತೂಲು ಹಿಡಿಯುತ್ತಿದ್ದದ್ದೇ ಆ ಕೈಯಲ್ಲಿ. ಟಕಾಚ್ ಯಾರಿಗೂ ಹೇಳದೆ ಎಡಗೈಯಲ್ಲಿ ಅಭ್ಯಾಸಕ್ಕೆ ಕೂತರು, ಮರುವರ್ಷವೇ ರಾಷ್ಟ್ರೀಯ ಸ್ಪರ್ಧೆ ಗೆದ್ದರು. ಯುದ್ಧದಿಂದಾಗಿ 1940 ಮತ್ತು 1944ರ ಒಲಿಂಪಿಕ್ಸ್ ನಡೆಯಲೇ ಇಲ್ಲ. ಕೊನೆಗೆ 1948ರಲ್ಲಿ ಲಂಡನ್‌ನಲ್ಲಿ 25 ಮೀಟರ್ ರ್‍ಯಾಪಿಡ್ ಫೈರ್ ಪಿಸ್ತೂಲಿನಲ್ಲಿ 580 ಅಂಕಗಳ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು, 1952ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೆ ಗೆದ್ದರು. ಅಧಿಕಾರಿಗಳಿಗೆ ಮಾತ್ರ ಮೀಸಲು ಎಂದಿದ್ದ ಕ್ರೀಡೆಯ ಬಾಗಿಲು ಒಬ್ಬ ಸಾರ್ಜೆಂಟನ ಎಡಗೈಗೆ ತೆರೆದುಕೊಂಡದ್ದು ಹೀಗೆ.

ಹೆಣ್ಣುಮಕ್ಕಳಿಗೆ ಆ ಬಾಗಿಲು ಇನ್ನೂ ತಡವಾಗಿ ತೆರೆಯಿತು. 1968ರಿಂದ ಕೆಲವು ಮಹಿಳೆಯರು ಗಂಡಸರ ಜೊತೆಗೇ ಸ್ಪರ್ಧಿಸಲು ಶುರುಮಾಡಿದರು. 1976ರ ಮಾಂಟ್ರಿಯಲ್‌ನಲ್ಲಿ ರೈಫಲ್ ಮೂರು ಭಂಗಿ ಸ್ಪರ್ಧೆಯಲ್ಲಿ ಅಮೆರಿಕದ ಮಾರ್ಗರೆಟ್ ಮರ್ಡಕ್ ಮತ್ತು ಅವರದೇ ತಂಡದ ಲ್ಯಾನಿ ಬ್ಯಾಷಮ್ ಇಬ್ಬರೂ 1162 ಅಂಕ ಪಡೆದು ಸಮಕ್ಕೆ ನಿಂತರು. ಕೊನೆಯ ಸರಣಿಗಳ ಅಂಕ ನೋಡಿ ಚಿನ್ನವನ್ನು ಬ್ಯಾಷಮ್‌ಗೆ ಕೊಡಲಾಯಿತು. ರಾಷ್ಟ್ರಗೀತೆ ಮೊಳಗುವ ಹೊತ್ತಿಗೆ ಬ್ಯಾಷಮ್ ಬೆಳ್ಳಿಯ ಮೆಟ್ಟಿಲಲ್ಲಿದ್ದ ಮರ್ಡಕ್ ಅವರ ಕೈಹಿಡಿದು ಚಿನ್ನದ ಮೆಟ್ಟಿಲಿಗೆ ಹತ್ತಿಸಿಕೊಂಡರು; ಇಬ್ಬರೂ ಒಂದೇ ಮೆಟ್ಟಿಲಲ್ಲಿ ನಿಂತರು. ಮಹಿಳೆಯರಿಗೇ ಪ್ರತ್ಯೇಕ ಸ್ಪರ್ಧೆಗಳು ಬಂದದ್ದು 1984ರ ಲಾಸ್ ಏಂಜಲೀಸ್‌ನಲ್ಲಿ. ಆದರೂ ನ್ಯಾಯ ಪೂರ್ತಿ ಸಿಕ್ಕಿರಲಿಲ್ಲ. 1992ರಲ್ಲಿ ಬಾರ್ಸಿಲೋನಾದಲ್ಲಿ ಚೀನಾದ ಝಾಂಗ್ ಶಾನ್ ಗಂಡಸರನ್ನೆಲ್ಲ ಹಿಂದಿಕ್ಕಿ 225ಕ್ಕೆ 223 ಬಿಲ್ಲೆ ಒಡೆದು ಸ್ಕೀಟ್ ಚಿನ್ನ ಗೆದ್ದರು. ಆ ಬಳಿಕ ಸ್ಕೀಟ್ ಸ್ಪರ್ಧೆ ಗಂಡಸರಿಗಷ್ಟೇ ಎಂದಾಯಿತು. 1996ರ ಅಟ್ಲಾಂಟಾದಲ್ಲಿ ಹಿಂದಿನ ಚಾಂಪಿಯನ್ನರಿಗೆ ತಮ್ಮ ಪದಕ ಉಳಿಸಿಕೊಳ್ಳಲು ಕಣಕ್ಕಿಳಿಯುವ ಅವಕಾಶವೇ ಇರಲಿಲ್ಲ. ಮಹಿಳೆಯರ ಸ್ಕೀಟ್ 2000ದಲ್ಲಿ ಬಂತು. ಅಮೆರಿಕದ ಕಿಮ್ ರೋಡ್ 1996ರಿಂದ 2016ರವರೆಗೆ ಸತತ ಆರು ಒಲಿಂಪಿಕ್ಸ್‌ಗಳಲ್ಲಿ ವೈಯಕ್ತಿಕ ಪದಕ ಗೆದ್ದು, ಬಂದೂಕಿನ ಮುಂದೆ ಗಂಡು ಹೆಣ್ಣೆಂಬ ಭೇದವಿಲ್ಲ ಎಂಬುದನ್ನು ಮತ್ತೆ ಮತ್ತೆ ತೋರಿಸಿದರು.

1984ರ ಲಾಸ್ ಏಂಜಲೀಸ್ ಇನ್ನೂ ಎರಡು ಕಾರಣಕ್ಕೆ ಮುಖ್ಯ. ಅಲ್ಲಿ 50 ಮೀಟರ್ ಪಿಸ್ತೂಲಿನ ಚಿನ್ನ ಚೀನಾದ ಷು ಹೈಫೆಂಗ್ ಅವರದಾಯಿತು. ಹಳ್ಳಿಯ ಸಹಕಾರ ಅಂಗಡಿಯಲ್ಲಿ ರಸಗೊಬ್ಬರ ಮಾರುತ್ತಿದ್ದ ಅವರು ಗೆದ್ದದ್ದು ಚೀನಾ ದೇಶದ ಮೊಟ್ಟಮೊದಲ ಒಲಿಂಪಿಕ್ ಚಿನ್ನ. ಎರಡನೆಯದು, 10 ಮೀಟರ್ ಏರ್ ರೈಫಲ್ ಅದೇ ವರ್ಷ ಒಲಿಂಪಿಕ್ಸ್ ಸೇರಿತು. ಏರ್ ಪಿಸ್ತೂಲು 1988ರಲ್ಲಿ ಸೇರಿತು. ಇವುಗಳಲ್ಲಿ ಮದ್ದಿಲ್ಲ, ಸ್ಫೋಟವಿಲ್ಲ. ಒತ್ತಿಟ್ಟ ಗಾಳಿ 4.5 ಮಿಲಿಮೀಟರ್ ದಪ್ಪದ ಸೀಸದ ಪೆಲೆಟ್ ಅನ್ನು ತಳ್ಳುತ್ತದೆ. ಸದ್ದು ಚಿಕ್ಕದು, ಬೇಕಾಗುವ ಜಾಗ ಚಿಕ್ಕದು. ಶಾಲೆಯ ಸಭಾಂಗಣದಲ್ಲೋ ಮನೆಯ ಮಹಡಿಯ ಮೇಲೋ ಅಭ್ಯಾಸ ನಡೆಯಬಹುದು.

ದೂರ ಕಡಿಮೆಯಾಯಿತೆಂದು ಗುರಿ ಸುಲಭವಾಗಲಿಲ್ಲ. 300 ಮೀಟರ್ ರೈಫಲ್‌ನಲ್ಲಿ ಹತ್ತು ಅಂಕದ ವೃತ್ತದ ಅಗಲ 10 ಸೆಂಟಿಮೀಟರ್. 50 ಮೀಟರ್ ರೈಫಲ್‌ನಲ್ಲಿ ಅದು 10.4 ಮಿಲಿಮೀಟರ್. 10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತರ ಗುರುತು ಅರ್ಧ ಮಿಲಿಮೀಟರ್‌ನ ಒಂದು ಚುಕ್ಕೆ, ರಾಗಿ ಕಾಳಿಗಿಂತಲೂ ಚಿಕ್ಕದು. ಹಾರುವ ಪೆಲೆಟ್ ಆ ಚುಕ್ಕೆಯ ಒಂಬತ್ತು ಪಟ್ಟು ಅಗಲವಿರುತ್ತದೆ. ಐದೂವರೆ ಕಿಲೋ ಮೀರದ ರೈಫಲ್ ಅನ್ನು ನಿಂತುಕೊಂಡೇ ಹಿಡಿಯಬೇಕು, ಯಾವುದಕ್ಕೂ ಆನಿಕೊಳ್ಳುವಂತಿಲ್ಲ. ಶೂಟರ್ ಎಡ ಮೊಣಕೈಯನ್ನು ಸೊಂಟದ ಮೇಲೂರಿ, ಕ್ಯಾನ್ವಾಸ್ ಮತ್ತು ತೊಗಲಿನ ಬಿಗಿ ಜಾಕೆಟ್ಟಿನಲ್ಲಿ ಮೈಯನ್ನು ಕಂಬದಂತೆ ನಿಲ್ಲಿಸಿ, ಅರ್ಧ ಉಸಿರು ಬಿಟ್ಟು, ಉಳಿದದ್ದನ್ನು ಹಿಡಿಯುತ್ತಾರೆ. ಎದೆಬಡಿತಕ್ಕೆ ನಳಿಗೆಯ ತುದಿ ಅಲುಗುತ್ತದೆ. ಆ ಅಲುಗಾಟ ತಗ್ಗುವ ಕ್ಷಣಕ್ಕೆ ಬೆರಳು ಟ್ರಿಗರ್ ಒತ್ತಬೇಕು. ಮನಸ್ಸು ಒಪ್ಪದಿದ್ದರೆ ರೈಫಲ್ ಇಳಿಸಿ ಮತ್ತೆ ಮೊದಲಿನಿಂದ ಆರಂಭಿಸಬೇಕು. ಈಗಿನ ಎಲೆಕ್ಟ್ರಾನಿಕ್ ಗುರಿಫಲಕ ಪ್ರತಿ ಹೊಡೆತವನ್ನೂ ದಶಾಂಶದಲ್ಲಿ ಅಳೆಯುತ್ತದೆ. ನಟ್ಟನಡುವೆ ಬಿದ್ದರೆ 10.9. ಪಿಸ್ತೂಲಿನಲ್ಲಿ ಹತ್ತರ ವೃತ್ತ 11.5 ಮಿಲಿಮೀಟರ್ ಇದ್ದು ದೊಡ್ಡದೆನಿಸಿದರೂ, ಅಲ್ಲಿ ಒಂದೇ ಕೈಯನ್ನು ಮುಂದೆ ಚಾಚಿ ಹೊಡೆಯಬೇಕು.

ಭಾರತದ ಪದಕಗಳು ಮಹಾರಾಜರಿಂದ ಆರಂಭವಾದವು. 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಸ್ಥೆ ಹುಟ್ಟಿತು. ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ ಅದರ ಮೊದಲ ಅಧ್ಯಕ್ಷರು. ಅವರ ಹೆಸರಿನ ಸ್ಪರ್ಧೆಯೇ ಈಗಲೂ ಹೊಸಬರು ರಾಷ್ಟ್ರೀಯ ಕೂಟಕ್ಕೆ ಹತ್ತುವ ಮೆಟ್ಟಿಲು. ಬಿಕಾನೇರದ ಮಹಾರಾಜ ಕರ್ಣಿ ಸಿಂಗ್ 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟ್ರ್ಯಾಪ್ ಬೆಳ್ಳಿ ಗೆದ್ದರು, ಐದು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದರು. ಪಟಿಯಾಲಾ ರಾಜಮನೆತನದ ರಣಧೀರ್ ಸಿಂಗ್ 1978ರಲ್ಲಿ ಬ್ಯಾಂಕಾಕ್‌ನಲ್ಲಿ ಏಷ್ಯನ್ ಕ್ರೀಡಾಕೂಟದ ಟ್ರ್ಯಾಪ್ ಚಿನ್ನ ಗೆದ್ದರು. ಶೂಟಿಂಗ್‌ನಲ್ಲಿ ಭಾರತಕ್ಕೆ ಅದು ಆ ಕೂಟದ ಮೊದಲ ಚಿನ್ನ. ಜೇಡಿಬಿಲ್ಲೆಯ ಆಟಕ್ಕೆ ಆಮದು ಬಂದೂಕು, ದುಬಾರಿ ತೋಟಾ, ವಿಶಾಲ ಬಯಲು ಬೇಕು. ಅರಮನೆಗಳಿಗೆ ಇವು ಕಷ್ಟವಾಗಿರಲಿಲ್ಲ.

1994ರಲ್ಲಿ ಜಸ್ಪಾಲ್ ರಾಣಾ ಇಟಲಿಯ ಮಿಲಾನ್‌ನಲ್ಲಿ ಕಿರಿಯರ ವಿಶ್ವ ಪಟ್ಟವನ್ನೂ, ಹಿರೋಶಿಮಾದಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನೂ ಗೆದ್ದಾಗ ಪಿಸ್ತೂಲು ಹಿಡಿದ ಹುಡುಗರ ಹೊಸ ಪೀಳಿಗೆ ಎದ್ದಿತು. 2004ರಲ್ಲಿ ಅಥೆನ್ಸ್‌ನಲ್ಲಿ ಸೇನಾಧಿಕಾರಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಡಬಲ್ ಟ್ರ್ಯಾಪ್‌ನಲ್ಲಿ 179 ಅಂಕದೊಂದಿಗೆ ಬೆಳ್ಳಿ ಗೆದ್ದರು. 2006ರ ಜಾಗ್ರೆಬ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಭಿನವ್ ಬಿಂದ್ರಾ ಏರ್ ರೈಫಲ್‌ನಲ್ಲೂ ಮಾನವ್‌ಜೀತ್ ಸಿಂಗ್ ಸಂಧು ಟ್ರ್ಯಾಪ್‌ನಲ್ಲೂ ವಿಶ್ವವಿಜೇತರಾದರು. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಬಿಂದ್ರಾ ಮತ್ತು ಫಿನ್‌ಲೆಂಡಿನ ಹೆನ್ರಿ ಹಾಕಿನೆನ್ ಕೊನೆಯ ಹೊಡೆತಕ್ಕೆ ಮೊದಲು ಸಮಸಮ ಇದ್ದರು. ಹಾಕಿನೆನ್ 9.7 ಹೊಡೆದರು, ಬಿಂದ್ರಾ 10.8. ಒಟ್ಟು 700.5 ಅಂಕ, ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ. 2012ರ ಲಂಡನ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ, ಗಗನ್ ನಾರಂಗ್ ಕಂಚು ಗೆದ್ದರು. ರಿಯೋ ಮತ್ತು ಟೋಕಿಯೊ ಒಲಿಂಪಿಕ್ಸ್‌ಗಳಿಂದ ಭಾರತದ ಶೂಟರ್‌ಗಳು ಬರಿಗೈಯಲ್ಲಿ ಮರಳಿದರು. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಒಂದು, ಸರಬ್‌ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚು ಗೆದ್ದು ಆ ಬರ ನೀಗಿಸಿದರು. ಮೂರನೆಯ ಕಂಚು ಬಂದದ್ದು ಬೆಳಗಾವಿಯ ನೆರೆಯಿಂದ.

ಬೆಳಗಾವಿಯ ಹಿಂದವಾಡಿಯಿಂದ ಹೊರಟು ಹೆದ್ದಾರಿ ಹಿಡಿದರೆ ನಿಪ್ಪಾಣಿ, ಕಾಗಲ್ ದಾಟಿ ಎರಡು ಗಂಟೆಯೊಳಗೆ ಕೊಲ್ಹಾಪುರ. ಗಡಿಯ ಈಚೆಗೂ ಆಚೆಗೂ ಬೀಗತನ, ವ್ಯಾಪಾರ, ಕುಸ್ತಿ ಎಲ್ಲವೂ ಹಳೆಯದು. ಕೊಲ್ಹಾಪುರವೆಂದರೆ ಬೆಳಗಾವಿಯವರಿಗೆ ಮಹಾಲಕ್ಷ್ಮಿ ಗುಡಿ, ಕುಸ್ತಿಯ ತಾಲೀಮು. ಆದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಈ ಊರು ಭಾರತಕ್ಕೆ ಕೊಟ್ಟ ಗುರಿಕಾರರ ಸಾಲು ಅದರ ಪೈಲ್ವಾನರ ಸಾಲಿಗೆ ಸರಿಗಟ್ಟುತ್ತದೆ.

ಆ ಸಾಲಿನ ಮೊದಲ ಹೆಸರು ತೇಜಸ್ವಿನಿ ಸಾವಂತ್. ಅವರು ಹುಟ್ಟಿದ್ದು 1980ರಲ್ಲಿ; ತಂದೆ ನೌಕಾಪಡೆಯಲ್ಲಿದ್ದವರು. ಸ್ವಂತ ರೈಫಲ್ ಕೊಳ್ಳುವ ಶಕ್ತಿ ಮನೆಗಿರಲಿಲ್ಲ; ಬಹುಕಾಲ ಬೇರೆಯವರ ರೈಫಲ್‌ನಲ್ಲೇ ಅಭ್ಯಾಸ ನಡೆಯಿತು. ಅವರಿಗೆ ಗುರುವಾಗಿದ್ದವರು ಜಯಸಿಂಗ್ ಕುಸಾಳೆ. 2006ರ ಮೆಲ್ಬರ್ನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ರೈಫಲ್‌ನ ಎರಡು ಚಿನ್ನ ಅವರದಾಯಿತು. 2010ರ ಆಗಸ್ಟ್‌ನಲ್ಲಿ ಮ್ಯೂನಿಕ್ ವಿಶ್ವ ಚಾಂಪಿಯನ್‌ಷಿಪ್‌ನ 50 ಮೀಟರ್ ರೈಫಲ್ ಪ್ರೋನ್ ಸ್ಪರ್ಧೆಯಲ್ಲಿ, ಅಂದರೆ ನೆಲದ ಮೇಲೆ ಬೋರಲಾಗಿ ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ, 600ಕ್ಕೆ 597 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿ ಚಿನ್ನ ಗೆದ್ದರು. ಶೂಟಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಭಾರತೀಯ ಮಹಿಳೆ ಅವರು. ಆ ಗೆಲುವನ್ನು ನೋಡಬೇಕಾಗಿದ್ದ ತಂದೆ ಕೆಲವೇ ತಿಂಗಳ ಹಿಂದೆ ತೀರಿಹೋಗಿದ್ದರು. 2018ರ ಗೋಲ್ಡ್ ಕೋಸ್ಟ್‌ನಲ್ಲಿ ಮೂರು ಭಂಗಿಯ ಚಿನ್ನ, ಪ್ರೋನ್ ಬೆಳ್ಳಿ. ಒಲಿಂಪಿಕ್ಸ್ ಮಾತ್ರ ಬಹಳ ಕಾಯಿಸಿತು. ಟೋಕಿಯೊದಲ್ಲಿ ಮೊದಲ ಸಲ ಕಣಕ್ಕಿಳಿದಾಗ ಅವರಿಗೆ 40 ತುಂಬಿತ್ತು.

ತೇಜಸ್ವಿನಿಯವರನ್ನು ನೋಡಿ ಬಂದೂಕು ಹಿಡಿದವರಲ್ಲಿ ರಾಹಿ ಸರ್ನೋಬತ್ ಒಬ್ಬರು. ಅವರು ಆರಿಸಿಕೊಂಡದ್ದು 25 ಮೀಟರ್ ಪಿಸ್ತೂಲು. 2013ರಲ್ಲಿ ಕೊರಿಯಾದ ಚಾಂಗ್ವಾನ್‌ನಲ್ಲಿ ಚಿನ್ನ ಗೆದ್ದು, ಪಿಸ್ತೂಲಿನಲ್ಲಿ ವಿಶ್ವಕಪ್ ಚಿನ್ನ ಗೆದ್ದ ಮೊದಲ ಭಾರತೀಯ ಶೂಟರ್ ಎನಿಸಿದರು. ಮರುವರ್ಷ ಗ್ಲಾಸ್ಗೋದಲ್ಲಿ ಕಾಮನ್‌ವೆಲ್ತ್ ಚಿನ್ನ. ಆಮೇಲೆ ಮೊಣಕೈಗೆ ಪೆಟ್ಟಾಗಿ ಕೆಲಕಾಲ ಪಿಸ್ತೂಲು ಎತ್ತುವುದೇ ಕಷ್ಟವಾಯಿತು. ಮಂಗೋಲಿಯಾ ಮೂಲದ ಒಲಿಂಪಿಕ್ ಪದಕವಿಜೇತೆ ಮುಂಖ್‌ಬಯಾರ್ ದೋರ್ಜ್‌ಸುರೆನ್ ಅವರ ಕೈಕೆಳಗೆ ಅಭ್ಯಾಸ ಮಾಡಿ ಮರಳಿದ ರಾಹಿ, 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಥಾಯ್ಲೆಂಡಿನ ಎದುರಾಳಿಯೊಂದಿಗೆ 34 ಅಂಕಕ್ಕೆ ಸಮನಾಗಿ ನಿಂತು, ಎರಡು ಬಾರಿ ಶೂಟ್‌ಆಫ್ ಆಡಿ ಚಿನ್ನ ಗೆದ್ದರು. ಏಷ್ಯನ್ ಕ್ರೀಡಾಕೂಟದ ಶೂಟಿಂಗ್‌ನಲ್ಲಿ ಭಾರತೀಯ ಮಹಿಳೆಯೊಬ್ಬರು ಗೆದ್ದ ಮೊದಲ ಚಿನ್ನ ಅದು.

ಸ್ವಪ್ನಿಲ್ ಕುಸಾಳೆ ರಾಧಾನಗರಿ ತಾಲೂಕಿನ ಕಂಬಳವಾಡಿಯವರು. ತಂದೆ ಶಾಲಾ ಶಿಕ್ಷಕರು. ನಾಸಿಕದ ಸರ್ಕಾರಿ ಕ್ರೀಡಾ ಪ್ರಬೋಧಿನಿಯಲ್ಲಿ ಶೂಟಿಂಗ್ ಕಲಿತು, 2015ರಿಂದ ಮಧ್ಯ ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿದ್ದರು. ಅವರ ಸ್ಪರ್ಧೆ 50 ಮೀಟರ್ ರೈಫಲ್ ಮೂರು ಭಂಗಿ: ಮೊಣಕಾಲೂರಿ, ಮಲಗಿ, ನಿಂತು. ಮೂರಕ್ಕೂ ಮೈಯ ಸಮತೋಲ ಬೇರೆ, ಉಸಿರಿನ ಲೆಕ್ಕ ಬೇರೆ. ಜೊತೆಗೆ ಬಯಲಿನ ಗಾಳಿಯನ್ನೂ ಓದಬೇಕು.

2024ರ ಆಗಸ್ಟ್ 1ರಂದು ಫ್ರಾನ್ಸ್‌ನ ಶಾಟೊರೂ ರೇಂಜಿನಲ್ಲಿ ಫೈನಲ್ ನಡೆಯಿತು. ಅರ್ಹತಾ ಸುತ್ತಿನಲ್ಲಿ 590 ಅಂಕ ಪಡೆದು ಏಳನೆಯವರಾಗಿ ಸ್ವಪ್ನಿಲ್ ಫೈನಲ್ ಸೇರಿದ್ದರು. ಮೊಣಕಾಲೂರಿ ಹೊಡೆದ 15 ಗುಂಡುಗಳಲ್ಲಿ 153.3 ಅಂಕ ಬಂದು ಆರನೆಯ ಸ್ಥಾನ. ಮಲಗಿ ಹೊಡೆದದ್ದರಲ್ಲಿ 156.8, ಒಟ್ಟು 310.1, ಐದನೆಯ ಸ್ಥಾನ. ಪದಕ ಇನ್ನೂ ದೂರದಲ್ಲಿತ್ತು. ನಿಂತು ಹೊಡೆಯುವ ಭಂಗಿಯೇ ಎಲ್ಲಕ್ಕಿಂತ ಕಠಿಣ, ಹೆಚ್ಚಿನವರು ಸೋಲುವುದೂ ಅಲ್ಲೇ. ಸ್ವಪ್ನಿಲ್ ಐದೈದು ಗುಂಡುಗಳ ಎರಡು ಸರಣಿಗಳಲ್ಲಿ 51.1 ಮತ್ತು 50.4 ಹೊಡೆದು 411.6ಕ್ಕೆ ಏರಿ ಮೂರನೆಯ ಸ್ಥಾನಕ್ಕೆ ಬಂದರು. ಅಲ್ಲಿಂದ ಒಂದೊಂದೇ ಗುಂಡು. ಪ್ರತಿ ಗುಂಡಿಗೂ ಕೊನೆಯ ಸ್ಥಾನದವರು ಹೊರಬೀಳುತ್ತಾರೆ. 10.5. ಮುಂದಿನದು 9.4, ಉಸಿರು ಬಿಗಿಹಿಡಿಯುವ ಕ್ಷಣ. ಆಮೇಲೆ 9.9, ಕೊನೆಗೆ 10.0. ಒಟ್ಟು 451.4, ಕಂಚು. ಚೀನಾದ ಲಿಯು ಯುಕುನ್ 463.6ಕ್ಕೆ ಚಿನ್ನ, ಉಕ್ರೇನಿನ ಸೆರ್ಹಿ ಕುಲಿಷ್ 461.3ಕ್ಕೆ ಬೆಳ್ಳಿ ಪಡೆದರು. ಈ ಸ್ಪರ್ಧೆಯಲ್ಲಿ ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯರಾದ ಸ್ವಪ್ನಿಲ್‌ಗೆ ಮುಂದೆ ಅರ್ಜುನ ಪ್ರಶಸ್ತಿ ಬಂತು. ಕೊಲ್ಹಾಪುರ ಅವರನ್ನು ಮೆರವಣಿಗೆಯಲ್ಲಿ ಬರಮಾಡಿಕೊಂಡಿತು. ಒಬ್ಬ ಶಿಕ್ಷಕರ ಮಗ, ಸರ್ಕಾರಿ ಕ್ರೀಡಾಶಾಲೆ, ರೈಲ್ವೆಯ ನೌಕರಿ: ಇವು ಮೂರೂ ಕೂಡಿಬಂದರೆ ಒಲಿಂಪಿಕ್ ಪದಕ ಸಾಧ್ಯ ಎಂಬುದು ಬೆಳಗಾವಿ ಸೀಮೆಯ ಖಾನಾಪುರದ ಹಳ್ಳಿಯ ಶಾಲೆಗೂ ಸಲ್ಲುವ ಮಾತು.

ಕರ್ನಾಟಕದ ಬಂದೂಕಿನ ಪರಂಪರೆ ಎಂದರೆ ಮೊದಲು ನೆನಪಾಗುವುದು ಕೊಡಗು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಂದಿಗೂ ನಡೆಯುತ್ತವೆ. ಅಂತರರಾಷ್ಟ್ರೀಯ ಪದಕಗಳ ವಿಷಯಕ್ಕೆ ಬಂದರೆ ಏರ್ ರೈಫಲ್ ಮತ್ತು ಪಿಸ್ತೂಲು ಅಭ್ಯಾಸಕ್ಕೆ ಅನುಕೂಲವಿದ್ದ ಬೆಂಗಳೂರು ಮುಂದಿದೆ.

ಸುಮಾ ಶಿರೂರ್ 1974ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದವರು. ಕ್ರೀಡಾಜೀವನವೆಲ್ಲ ಮಹಾರಾಷ್ಟ್ರದಲ್ಲಿ ಕಳೆಯಿತು. 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅಂಜಲಿ ಭಾಗವತ್ ಜೊತೆ ಏರ್ ರೈಫಲ್ ಜೋಡಿ ಚಿನ್ನ ಗೆದ್ದರು. 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನಲ್ಲಿ ಅವರು 400ಕ್ಕೆ 400 ಹೊಡೆದರು. ಅರ್ಧ ಮಿಲಿಮೀಟರ್ ಚುಕ್ಕೆಗೆ ನಲವತ್ತು ಗುಂಡು, ನಲವತ್ತೂ ಹತ್ತು. ವಿಶ್ವದಾಖಲೆಯನ್ನು ಸರಿಗಟ್ಟಿದ ಈ ಅಂಕವನ್ನು ಮೀರುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್‌ನ ಫೈನಲ್ ತಲುಪಿ ಎಂಟನೆಯವರಾದರು.

ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರ ತಂದೆ ಪಿ.ಎನ್. ಪಾಪಣ್ಣ ಕೂಡ ಶೂಟರ್. ಕೆನಡಾದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದ ಪ್ರಕಾಶ್, 2009ರಲ್ಲಿ ನೌಕರಿ ಬಿಟ್ಟು ಊರಿಗೆ ಮರಳಿ ಪಿಸ್ತೂಲು ಕೈಗೆತ್ತಿಕೊಂಡರು. ಮೂವತ್ತು ದಾಟಿದ ವಯಸ್ಸಿನಲ್ಲಿ ಅಂಥ ನಿರ್ಧಾರಕ್ಕೆ ಎದೆಗಾರಿಕೆ ಬೇಕು. 2013ರಲ್ಲಿ ಚಾಂಗ್ವಾನ್ ವಿಶ್ವಕಪ್‌ನ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಬಂತು. ಅದೇ ವರ್ಷ ಸ್ಪೇನ್‌ನಲ್ಲಿ ಸ್ಪರ್ಧೆಗೆ ಹೋಗಿದ್ದಾಗ ಮುಖದ ಒಂದು ಪಾರ್ಶ್ವಕ್ಕೆ ಪಾರ್ಶ್ವವಾಯು ಬಡಿಯಿತು. ಕಣ್ಣಿನ ರೆಪ್ಪೆಯ ಮೇಲೂ ಹತೋಟಿ ತಪ್ಪಿದರೆ ಗುರಿಕಾರನಿಗೆ ಉಳಿಯುವುದೇನು? ಆದರೂ ಚೇತರಿಸಿಕೊಂಡು ಮರುವರ್ಷ ಗ್ಲಾಸ್ಗೋದ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಆ ವರ್ಷವೇ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಜಿತು ರಾಯ್, ಸಮರೇಶ್ ಜಂಗ್ ಜೊತೆ ತಂಡದ ಕಂಚು. 2016ರಲ್ಲಿ ರಿಯೋ ಒಲಿಂಪಿಕ್ಸ್‌ನಲ್ಲೂ ಆಡಿದರು.

ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. 2023ರ ಮೇ ತಿಂಗಳಲ್ಲಿ ಬಾಕು ವಿಶ್ವಕಪ್‌ನ ಏರ್ ಪಿಸ್ತೂಲು ಮಿಶ್ರ ತಂಡದಲ್ಲಿ ಸರಬ್‌ಜೋತ್ ಸಿಂಗ್ ಜೊತೆ ಸರ್ಬಿಯಾದ ಅನುಭವಿ ಜೋಡಿಯನ್ನು 16–14ರಿಂದ ಸೋಲಿಸಿ ಚಿನ್ನ ಗೆದ್ದರು. ಅದೇ ವರ್ಷದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇಶಾ ಸಿಂಗ್, ಪಲಕ್ ಜೊತೆ ತಂಡದ ಬೆಳ್ಳಿ, ಸರಬ್‌ಜೋತ್ ಜೊತೆ ಮಿಶ್ರ ತಂಡದ ಇನ್ನೊಂದು ಬೆಳ್ಳಿ. ಮಿಶ್ರ ತಂಡದ ಫೈನಲ್ ಚೀನಾದ ಎದುರು 14–16ರಿಂದ ಕೈತಪ್ಪಿತು. ಆ ಕೂಟದಲ್ಲಿ ಭಾರತದ ಶೂಟರ್‌ಗಳು ಏಳು ಚಿನ್ನ, ಒಂಬತ್ತು ಬೆಳ್ಳಿ, ಆರು ಕಂಚು, ಒಟ್ಟು 22 ಪದಕ ತಂದರು. 2023ರಲ್ಲೇ ಕೈರೋ ವಿಶ್ವಕಪ್‌ನ ಏರ್ ರೈಫಲ್‌ನಲ್ಲಿ ಬೆಂಗಳೂರಿನ ತಿಲೋತ್ತಮಾ ಸೇನ್ ಕಂಚು ಗೆದ್ದಾಗ ಅವರಿನ್ನೂ ಹದಿನಾಲ್ಕರ ಶಾಲಾ ಬಾಲಕಿ. ಅದೇ ಅಕ್ಟೋಬರ್‌ನಲ್ಲಿ ಚಾಂಗ್ವಾನ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 252.3 ಅಂಕದ ಬೆಳ್ಳಿಯೊಂದಿಗೆ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ಒಂದು ಸ್ಥಾನವನ್ನೂ ಗಳಿಸಿಕೊಟ್ಟರು. ಅಂತಿಮ ಆಯ್ಕೆಯಲ್ಲಿ ಆ ಸ್ಥಾನ ಅವರಿಗೆ ದಕ್ಕಲಿಲ್ಲ. ಗಳಿಸಿದ ಸ್ಥಾನ ದೇಶದ್ದು, ಗಳಿಸಿದವರದಲ್ಲ ಎಂಬುದು ನಿಯಮ. ಚಿಕ್ಕ ವಯಸ್ಸಿನವರಿಗೆ ಈ ನಿಯಮ ಬಲು ಕಠೋರ.

ಪ್ಯಾರಾಲಿಂಪಿಕ್ ಶೂಟಿಂಗ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದವರು ರಾಜಸ್ಥಾನದ ಅವನಿ ಲೇಖರಾ. ಟೋಕಿಯೊದಲ್ಲಿ 249.6, ಪ್ಯಾರಿಸ್‌ನಲ್ಲಿ 249.7 ಅಂಕಗಳೊಂದಿಗೆ ಏರ್ ರೈಫಲ್ ಚಿನ್ನವನ್ನು ಎರಡು ಸಲ ಗೆದ್ದರು. ಅವರನ್ನು ತಯಾರು ಮಾಡಿದ ತರಬೇತುದಾರರು ಸುಮಾ ಶಿರೂರ್. ಆ ಕೆಲಸಕ್ಕೆ ಸುಮಾ ಅವರಿಗೆ 2022ರ ದ್ರೋಣಾಚಾರ್ಯ ಪ್ರಶಸ್ತಿ ಸಂದಿತು. ಬೆಳಗಾವಿಗೆ ಹತ್ತಿರದ ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿ ಸ್ಪರ್ಧಿಸುವುದು ಎಸ್‌ಎಚ್2 ವರ್ಗದಲ್ಲಿ. ರೈಫಲ್‌ನ ಭಾರವನ್ನು ತೋಳಿನಿಂದ ಹೊರಲಾಗದವರ ವರ್ಗ ಇದು; ರೈಫಲ್ ಒಂದು ಸ್ಪ್ರಿಂಗ್ ಆಧಾರದ ಮೇಲೆ ನಿಂತಿರುತ್ತದೆ, ಗುರಿ ಹಿಡಿಯುವುದು ಮತ್ತು ಟ್ರಿಗರ್ ಒತ್ತುವುದು ಶೂಟರ್‌ನ ಕೆಲಸ. ಆಧಾರ ಕೊಟ್ಟ ಮಾತ್ರಕ್ಕೆ ಸ್ಪರ್ಧೆ ಹಗುರವಾಗುವುದಿಲ್ಲ. ಎಲ್ಲರಿಗೂ ಅದೇ ಆಧಾರ ಇರುವುದರಿಂದ ಒಂದೆರಡು ದಶಾಂಶಗಳಲ್ಲೇ ಪದಕ ನಿರ್ಧಾರವಾಗುತ್ತದೆ. 2022ರ ಜೂನ್‌ನಲ್ಲಿ ಶಾಟೊರೂ ಪ್ಯಾರಾ ವಿಶ್ವಕಪ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ಶ್ರೀಹರ್ಷ ಚಿನ್ನ ಗೆದ್ದರು. ಎರಡು ವರ್ಷದ ಬಳಿಕ ಸ್ವಪ್ನಿಲ್ ಕುಸಾಳೆ ಒಲಿಂಪಿಕ್ ಕಂಚು ಗೆದ್ದದ್ದು ಅದೇ ಊರಿನಲ್ಲಿ. ಸ್ವಪ್ನಿಲ್ ಗೆದ್ದು ಕೆಲವೇ ವಾರಗಳಾದ ಮೇಲೆ, ಅಲ್ಲೇ ನಡೆದ 2024ರ ಪ್ಯಾರಾಲಿಂಪಿಕ್ಸ್‌ನ ಶೂಟಿಂಗ್ ಸ್ಪರ್ಧೆಗಳಲ್ಲಿ ಶ್ರೀಹರ್ಷ ಭಾರತದ ಪರ ಗುರಿಯ ಮುಂದೆ ಕೂತಿದ್ದರು.